ರಕ್ತ ಕದ್ದೊಯ್ಯುವ ಬಿಸಿ

ಮೇ ತಿಂಗಳ ಮಧ್ಯಾಹ್ನ ಮಹಾಗಾಂವ ಕ್ರಾಸಿನಲ್ಲಿ ಬಸ್ಸಿಗೆ ಕಾದವರಿಗೆ 43 ಡಿಗ್ರಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿಗೆ ಹೋಗುವ ರಸ್ತೆ ಅದು. ತೊಗರಿ ಕೊಯ್ದ ಮೇಲೆ ಎರಡೂ ಕಡೆ ಬರೀ ಬಿರುಕು ಬಿಟ್ಟ ಎರೆಹೊಲ. "ಯಪ್ಪಾ, ಏನ್ ಬಿಸಲದೋ ಮಾರಾಯ" ಅಂತ ತಲೆ ಮೇಲೆ ಟವೆಲ್ ಎಳ್ಕೊಂಡವರ ಮೈಯೊಳಗೆ ಆಗಲೂ ತಾಪಮಾನ ಸುಮಾರು 37 ಡಿಗ್ರಿಯಷ್ಟೇ. ಒಳಗಿನ ಬಿಸಿಯನ್ನ ರಕ್ತ ಹೊತ್ತು ತಂದು ಚರ್ಮಕ್ಕೆ ಒಪ್ಪಿಸುತ್ತೆ, ಬೆವರು ಅದನ್ನ ಗಾಳಿಗೆ ಬಿಡುತ್ತೆ. ಇದೇ 43 ಡಿಗ್ರಿ ದೇಹದ ಒಳಗಿನ ಜೀವಕೋಶಕ್ಕೆ ತಾಗಿ ಗಂಟೆಗಟ್ಟಲೆ ಅಲ್ಲೇ ನಿಂತರೆ ಕೋಶ ಸಾಯೋಕೆ ಶುರುವಾಗುತ್ತೆ.

ಕ್ಯಾನ್ಸರ್ ಚಿಕಿತ್ಸೆಯವರು ಈ ಸಂಖ್ಯೆಯನ್ನೇ ಅಳತೆಗೋಲು ಮಾಡ್ಕೊಂಡಿದ್ದಾರೆ. 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಎಂಬಿಬ್ಬರು ಅಮೆರಿಕದಲ್ಲಿ ಒಂದು ಲೆಕ್ಕ ಮುಂದಿಟ್ಟರು: ಯಾವ ತಾಪಮಾನದಲ್ಲಿ ಎಷ್ಟು ಹೊತ್ತು ಕಾಯಿಸಿದರೂ ಅದನ್ನ "43 ಡಿಗ್ರಿಯಲ್ಲಿ ಇಷ್ಟು ನಿಮಿಷ" ಅಂತ ಬದಲಾಯಿಸಿ ಹೇಳಬಹುದು. 43 ದಾಟಿದ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಬೇಕಾದ ಸಮಯ ಅರ್ಧಕ್ಕರ್ಧ ಇಳಿಯುತ್ತೆ.

ಬಿಸಿಲಲ್ಲಿ ನಮ್ಮನ್ನ ಕಾಯುವ ಈ ರಕ್ತವೇ, ಲಿವರ್‌ನೊಳಗಿನ ಗಡ್ಡೆಯನ್ನ ಸುಟ್ಟು ಕೊಲ್ಲಲು ಹೊರಟ ವೈದ್ಯರಿಗೆ ಅಡ್ಡ ಬರುತ್ತೆ. ಅವರು ಸೂಜಿ ಚುಚ್ಚಿ ಬಿಸಿ ಕೊಡ್ತಾ ಇರ್ತಾರೆ, ರಕ್ತ ಅದನ್ನ ಕದ್ದು ಒಯ್ತಾ ಇರುತ್ತೆ. ಎಷ್ಟು ಕದೀತು ಅನ್ನೋದನ್ನ ಮೊದಲೇ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಸೂಜಿಯನ್ನ ಎಲ್ಲಿ ಇಡಬೇಕು, ಎಷ್ಟು ಹೊತ್ತು ಕಾಯಿಸಬೇಕು ಅಂತ ಹೇಳುವ ವಿದ್ಯೆ ಈಗ ಇದೆ. ಅದು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ದಾರಿ ಕಲಬುರಗಿಯ ಹತ್ತಿರವೇ ಹಾದು ಹೋಗುತ್ತೆ.

ಲಿವರ್ ಕಾಯಿಲೆಗೆ ಬಿಸಿ ಕೊಡೋದು ನಮ್ಮ ಕಡೆ ಹೊಸದಲ್ಲ. ಕಾಮಾಲೆ ಆದವರಿಗೆ ಚುಟಿಗೆ ಹಾಕಿಸುವ ರೂಢಿ ಹಳ್ಳಿಗಳಲ್ಲಿತ್ತು, ಪೂರ್ತಿ ನಿಂತಿದೆ ಅಂತಲೂ ಹೇಳೋ ಹಾಗಿಲ್ಲ. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಕೈ ಮೇಲೋ ಹೊಟ್ಟೆ ಮೇಲೋ ಬರೆ. ಹಾಲು ಕುಡಿಯೋ ಕೂಸುಗಳಿಗೂ ಬಿಟ್ಟಿಲ್ಲ. ಇದರಿಂದ ಕಾಮಾಲೆ ಗುಣವಾಗಲ್ಲ, ಗಾಯ ಕೀವಾಗಿ ಮಗುವಿನ ಜೀವಕ್ಕೇ ಬಂದದ್ದಿದೆ. ಲಿವರ್ ಇರೋದು ಬಲಗಡೆ ಪಕ್ಕೆಲುಬಿನ ಕೆಳಗೆ, ಚರ್ಮದ ಮೇಲಿನ ಬರೆಯ ಬಿಸಿ ಅಲ್ಲಿ ತನಕ ಇಳಿಯೋದೇ ಇಲ್ಲ. ದಾರಿಯಲ್ಲೇ ರಕ್ತ ಅದನ್ನ ಹಂಚಿಬಿಡುತ್ತೆ.

ಬರೆ ಹಾಕುವ ವಿದ್ಯೆಯಲ್ಲಿ ಅಳತೆಯೇ ಇರಲಿಲ್ಲ ಅಂತ ಮಾತ್ರ ತಿಳೀಬೇಡಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯ ಪೂರ್ತಿ ಅಗ್ನಿಕರ್ಮದ್ದು. ಚರ್ಮವನ್ನ ಸುಡಬೇಕಾದರೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲಿನಂಥವು. ಮಾಂಸಕ್ಕೆ ಲೋಹ. ಇನ್ನೂ ಆಳದ ನರ, ಸಂಧಿ, ಮೂಳೆಗಳಿಗೆ ಕಾಯಿಸಿದ ಜೇನು, ಬೆಲ್ಲ, ಎಣ್ಣೆ. ಎಷ್ಟು ಆಳಕ್ಕೆ ಯಾವ ವಸ್ತು ಎಷ್ಟು ಬಿಸಿ ಹಿಡಿದಿಡುತ್ತೆ ಅನ್ನೋ ಅಂದಾಜು ಇದ್ದವರು ಮಾತ್ರ ಹೀಗೆ ವಿಂಗಡಿಸ್ತಾರೆ. ಸುಟ್ಟದ್ದರಲ್ಲೂ ದರ್ಜೆಗಳಿವೆ, ಸರಿಯಾಗಿ ಸುಟ್ಟದ್ದು ಸಮ್ಯಗ್ದಗ್ಧ, ಮಿತಿಮೀರಿದ್ದು ಅತಿದಗ್ಧ. (ಶರತ್ಕಾಲ ಮತ್ತು ಬೇಸಿಗೆಯಲ್ಲಿ, ತುರ್ತು ಇದ್ದರೆ ಹೊರತು, ಅಗ್ನಿಕರ್ಮ ಬೇಡ ಅಂತಲೂ ಇದೆ. ಕಲಬುರಗಿಯವರು ಇದನ್ನ ತಕ್ಷಣ ಒಪ್ಪುತ್ತಾರೆ.) ಆದರೆ ಇದೆಲ್ಲ ಕೈಗೆ, ಕಣ್ಣಿಗೆ ಸಿಗುವ ಭಾಗಗಳ ಮಾತು. ಕಾಣದ ಜಾಗದಲ್ಲಿ ಸಮ್ಯಗ್ದಗ್ಧ ಆಯ್ತೋ ಅತಿದಗ್ಧ ಆಯ್ತೋ ಅಂತ ತಿಳಿಯೋದು ಹೇಗೆ ಅನ್ನೋದು ಮುಂದಿನ ಎರಡು ಸಾವಿರ ವರ್ಷ ಹಾಗೇ ಉಳೀತು.

19ನೇ ಶತಮಾನದ ಫ್ರಾನ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಪ್ರಾಣಿಗಳ ರಕ್ತನಾಳದೊಳಗೆ ತಾಪಮಾಪಕ ಇಳಿಸಿ, ಲಿವರ್‌ಗೆ ಹೋಗುವ ರಕ್ತಕ್ಕಿಂತ ಅಲ್ಲಿಂದ ಹೊರಬರುವ ರಕ್ತ ಬಿಸಿ ಅಂತ ತೋರಿಸಿದ. ಅವನ ಕೈಕೆಳಗೆ ಕೆಲಸ ಮಾಡಿದ್ದ ದಾರ್ಸೋನ್ವಾಲ್ 1891ರಲ್ಲಿ ಇನ್ನೊಂದು ವಿಚಿತ್ರ ಕಂಡುಹಿಡಿದ. ಸೆಕೆಂಡಿಗೆ ಹತ್ತು ಸಾವಿರ ಸಲಕ್ಕಿಂತ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು ಮೈಯಲ್ಲಿ ಹರಿದರೆ ಶಾಕ್ ಹೊಡೆಯಲ್ಲ, ಮಾಂಸಖಂಡ ಸೆಟೆಯಲ್ಲ, ಬರೀ ಬಿಸಿಯಾಗುತ್ತೆ. 1926ರ ಅಕ್ಟೋಬರ್ 1ರಂದು ಬೋಸ್ಟನ್‌ನಲ್ಲಿ ಹಾರ್ವೆ ಕುಶಿಂಗ್ ಎಂಬ ಶಸ್ತ್ರವೈದ್ಯ, ವಿಲಿಯಂ ಬೋವಿ ಕಟ್ಟಿದ ಯಂತ್ರದಿಂದ ತಲೆಯ ಗಡ್ಡೆಯೊಂದನ್ನ ತೆಗೆದ. ರಕ್ತಸ್ರಾವಕ್ಕೆ ಹೆದರಿ ಮೊದಲು ಅರ್ಧಕ್ಕೆ ಬಿಟ್ಟಿದ್ದ ಆಪರೇಷನ್ ಅದು. ಇವತ್ತಿಗೂ ಆಪರೇಷನ್ ಥಿಯೇಟರ್‌ನಲ್ಲಿ ವಿದ್ಯುತ್ ಚಾಕುವಿಗೆ "ಬೋವಿ" ಅಂತಲೇ ಕರೆಯೋದುಂಟು. ಬಿಸಿ ಕೊಡೋ ಯಂತ್ರ ಸಿಕ್ಕಿತು. ಲೆಕ್ಕ ಇನ್ನೂ ಸಿಕ್ಕಿರಲಿಲ್ಲ.

ಲೆಕ್ಕ ಸಿಕ್ಕಿದ್ದು ಎರಡನೇ ಮಹಾಯುದ್ಧದ ಬೆನ್ನಿಗೆ, ಲಿವರ್‌ಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲದ ಎರಡು ಕೆಲಸಗಳಿಂದ. 1947ರಲ್ಲಿ ಹಾರ್ವರ್ಡ್‌ನ ಮಾರಿಟ್ಜ್ ಮತ್ತು ಹೆನ್ರಿಕ್ಸ್, ಸುಟ್ಟ ಗಾಯ ಹೇಗಾಗುತ್ತೆ ಅಂತ ಹಂದಿಗಳ ಮೇಲೆ, ಕೆಲವು ಮನುಷ್ಯರ ಮೇಲೂ ಪರೀಕ್ಷೆ ಮಾಡಿದರು. 44 ಡಿಗ್ರಿಯಲ್ಲಿ ಚರ್ಮ ಸುಡೋಕೆ ಸುಮಾರು ಆರು ಗಂಟೆ, 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡು. ಹೆನ್ರಿಕ್ಸ್ ಇದನ್ನ ರಸಾಯನಶಾಸ್ತ್ರದ ಆರೇನಿಯಸ್ ಸೂತ್ರಕ್ಕೆ ಹೊಂದಿಸಿದ. ಅಂದ್ರೆ ಸುಡೋದು ಕೂಡ ಒಂದು ರಾಸಾಯನಿಕ ಕ್ರಿಯೆ, ಬಿಸಿ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ಎಷ್ಟು ಕೋಶ ಸತ್ತಿರಬಹುದು ಅಂತ ತಾಪಮಾನ ಮತ್ತು ಸಮಯದಿಂದಲೇ ಲೆಕ್ಕ ಹಾಕಬಹುದು. ಅರ್ಥ ಆಗಲಿಲ್ಲ ಅಂದ್ರೆ ತವಾ ಮೇಲೆ ಬೇಯುವ ಕಲೇಜಿ ನೆನಪಿಸ್ಕೊಳ್ಳಿ: ಕಡುಗೆಂಪು ತುಂಡು ನೋಡ್ತಾ ನೋಡ್ತಾ ಬೂದು ಬಣ್ಣಕ್ಕೆ ತಿರುಗುತ್ತಲ್ಲ, ಪ್ರೋಟೀನ್ ಹೆಪ್ಪುಗಟ್ಟೋದು ಅಂದ್ರೆ ಅದೇ. ಸಸ್ಯಾಹಾರಿಗಳು ಕ್ಷಮಿಸಿ.

ಮರುವರ್ಷ, 1948ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹ್ಯಾರಿ ಪೆನ್ನೆಸ್ ತನ್ನ ಪ್ರಬಂಧ ಪ್ರಕಟಿಸಿದ. ಅವನು ಮಾಡಿದ್ದು ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಸುಮ್ಮನೆ ಮಲಗಿದ ಮನುಷ್ಯರ ಮುಂಗೈಯ ಒಂದು ಬದಿಯಿಂದ ಇನ್ನೊಂದು ಬದಿಗೆ, ಸೂಜಿಗೆ ದಾರ ಪೋಣಿಸಿದ ಹಾಗೆ, ತಾಪ ಅಳೆಯುವ ಸಣ್ಣ ತಂತಿ ಎಳೆದು, ಒಂದೊಂದು ಆಳದಲ್ಲೂ ಎಷ್ಟು ಬಿಸಿ ಇದೆ ಅಂತ ಬರೆದಿಟ್ಟ. ಆಮೇಲೆ ಆ ಅಂಕಿಗಳಿಗೆ ಹೊಂದುವ ಒಂದು ಸಮೀಕರಣ ಬರೆದ.

ಸಮೀಕರಣ ಅಂದ ತಕ್ಷಣ ಪುಟ ತಿರುಗಿಸಬೇಡಿ, ಇದು ಮನೆಯ ಜಮಾ-ಖರ್ಚಿನ ಪುಸ್ತಕದ ಹಾಗಿದೆ. ದೇಹದ ಒಂದು ಚೂರಿನಲ್ಲಿ ಬಿಸಿ ಏರಿತೋ ಇಳಿಯಿತೋ ಅಂತ ತಿಳಿಯಬೇಕಾದರೆ ನಾಲ್ಕು ಲೆಕ್ಕ ನೋಡಬೇಕು. ಪಕ್ಕದ ಚೂರಿನಿಂದ ಬಂದ ಬಿಸಿ, ಆ ಜಾಗವೇ ಹುಟ್ಟಿಸಿದ ಬಿಸಿ, ಹೊರಗಿನಿಂದ ನಾವು ಕೊಟ್ಟ ಬಿಸಿ, ಕೊನೆಗೆ ರಕ್ತ ತಂದದ್ದು ಅಥವಾ ಒಯ್ದದ್ದು. ಮೊದಲ ಮೂರು ಭೌತಶಾಸ್ತ್ರಜ್ಞರಿಗೆ ಹಳೇ ಪರಿಚಯ. ನಾಲ್ಕನೆಯದು ಪೆನ್ನೆಸ್‌ನ ಕೊಡುಗೆ. ಹರಿಯುವ ರಕ್ತದ ಪ್ರಮಾಣವನ್ನ, ರಕ್ತಕ್ಕೂ ಆ ಜಾಗಕ್ಕೂ ಇರುವ ತಾಪಮಾನದ ವ್ಯತ್ಯಾಸದಿಂದ ಗುಣಿಸಿ, ಅಷ್ಟು ಬಿಸಿ ರಕ್ತದ ಖಾತೆಗೆ ಅಂದ.

ಇದು ಒರಟು ಲೆಕ್ಕ. ರಕ್ತ ನಾಳಗಳಲ್ಲಿ ದಿಕ್ಕು ಹಿಡಿದು ಹರಿಯುತ್ತೆ, ಪೆನ್ನೆಸ್ ಅದನ್ನ ಎಲ್ಲ ಕಡೆ ಸಮನಾಗಿ ಜಿನುಗುವ ನೀರಿನ ಹಾಗೆ ನೋಡಿದ. 1980ರಲ್ಲಿ ಚೆನ್ ಮತ್ತು ಹೋಮ್ಸ್ ಇದನ್ನ ಎತ್ತಿ ಆಡಿದರು, 1985ರಲ್ಲಿ ವೈನ್‌ಬಾಮ್ ಮತ್ತು ಜಿಜಿ ಬೇರೆಯದೇ ಸಮೀಕರಣ ಕೊಟ್ಟರು. ಆದರೂ ಮುಕ್ಕಾಲು ಶತಮಾನ ಕಳೆದ ಮೇಲೂ ಹೆಚ್ಚಿನ ಸಾಫ್ಟ್‌ವೇರ್‌ಗಳ ಒಳಗೆ ಕೂತಿರೋದು ಪೆನ್ನೆಸ್ ಸಮೀಕರಣವೇ. ಕೋಡ್ ಬರೆಯುವವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಕೆಲಸ ನಡೆಸುವ ಸರಳ ಕೋಡನ್ನ ಯಾರು ತಾನೇ ಮುಟ್ಟೋಕೆ ಹೋಗ್ತಾರೆ?

ಲಿವರ್‌ಗೆ ಈ ಲೆಕ್ಕ ಬೇಕಾಗಿದ್ದು 1990ರ ನಂತರ. ಆ ವರ್ಷ ಅಮೆರಿಕದಲ್ಲಿ ಮೆಗ್ಯಾಹನ್ ತಂಡ, ಇಟಲಿಯಲ್ಲಿ ರೊಸ್ಸಿ ತಂಡ, ಚರ್ಮದ ಮೂಲಕವೇ ಸೂಜಿ ತೂರಿಸಿ ಪ್ರಾಣಿಗಳ ಲಿವರನ್ನ ರೇಡಿಯೋ ತರಂಗದ ವಿದ್ಯುತ್ತಿನಿಂದ ಸುಡಬಹುದು ಅಂತ ತೋರಿಸಿದವು. 1993ರ ಹೊತ್ತಿಗೆ ರೊಸ್ಸಿ ಅದನ್ನ ಸಣ್ಣ ಗಡ್ಡೆಗಳಿದ್ದ ರೋಗಿಗಳಲ್ಲಿ ಮಾಡಿ ವರದಿ ಕೊಟ್ಟಿದ್ದ. ಹೊಟ್ಟೆ ಕೊಯ್ಯೋದು ಬೇಡ, ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಇಳಿಸಿ ಹತ್ತು ಹದಿನೈದು ನಿಮಿಷ ಕಾಯಿಸಿದರೆ ಸಾಕು. ಸಿರೋಸಿಸ್‌ನಿಂದ ಲಿವರ್ ಸೊರಗಿ, ಆಪರೇಷನ್ ತಾಳಲಾರದವರಿಗೆ ಇದು ದೊಡ್ಡ ಆಸರೆ. ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗೆ ಚೆನ್ನಾಗಿ ಕೆಲಸ ಮಾಡುತ್ತೆ. ಮುಂದೆ ಮೈಕ್ರೋವೇವ್ ಸೂಜಿಗಳೂ ಬಂದವು, ಅವುಗಳಲ್ಲಿ ಹಲವು ನಿಮ್ಮ ಅಡುಗೆಮನೆ ಓವನ್ನಿನ ಅದೇ 2.45 ಗಿಗಾಹರ್ಟ್ಸ್‌ನಲ್ಲಿ ಓಡ್ತವೆ.

ಕಷ್ಟ ಶುರುವಾಗಿದ್ದು ಇಲ್ಲಿ. ಸೂಜಿಯ ತುದಿಯನ್ನ ಒಂದು ಗುಂಡು ಅಂದುಕೊಂಡರೆ, ಅದರಿಂದ ದೂರ ಎರಡು ಪಟ್ಟಾದಾಗ ವಿದ್ಯುತ್ತು ಹುಟ್ಟಿಸುವ ಬಿಸಿ ಹದಿನಾರರಲ್ಲಿ ಒಂದು ಪಾಲಾಗುತ್ತೆ. ಕೆಲವು ಮಿಲಿಮೀಟರ್ ಆಚೆಗೆ ಬಿಸಿ ತಾನಾಗಿ ನಡ್ಕೊಂಡೇ ಹೋಗಬೇಕು. ಜೋರು ಮಾಡೋಣ ಅಂದ್ರೆ 100 ಡಿಗ್ರಿಗೆ ನೀರು ಆವಿಯಾಗಿ, ಮಾಂಸ ಕರಕಲಾಗಿ, ಕರೆಂಟೇ ಹರಿಯಲ್ಲ. ಜೊತೆಗೆ ಲಿವರ್ ಅಂದ್ರೆ ರಕ್ತದ ಸಂತೆ: ಒಂದೂವರೆ ಕಿಲೋ ತೂಕದ ಅಂಗಕ್ಕೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ, ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯಿಂದ. ಮೂರು ಮಿಲಿಮೀಟರ್‌ಗಿಂತ ದಪ್ಪದ ನಾಳ ಗಡ್ಡೆಗೆ ಅಂಟಿಕೊಂಡಿದ್ದರೆ ಆ ಬದಿ ಬಿಸಿಯೇ ಏರಲ್ಲ. ನೀರು ಹರೀತಾ ಇರೋ ಪೈಪಿಗೆ ಬೆಸುಗೆ ಹಾಕೋಕೆ ನೋಡಿದ ಪ್ಲಂಬರ್‌ನ ಕೇಳಿ, ಗೊತ್ತಾಗುತ್ತೆ. ಅಲ್ಲಿ ಬದುಕುಳಿದ ನಾಲ್ಕು ಕೋಶಗಳಿಂದ ಗಡ್ಡೆ ಮತ್ತೆ ಬೆಳೆಯುತ್ತೆ. ಇನ್ನೊಂದು ಬದಿ ಜಾಸ್ತಿ ಸುಟ್ಟರೆ ಪಿತ್ತನಾಳಕ್ಕೋ ಕರುಳಿಗೋ ಪೆಟ್ಟು.

ಇಷ್ಟೆಲ್ಲ ಇದ್ದರೂ ವೈದ್ಯರ ಕೈಯಲ್ಲಿ ಇದ್ದದ್ದು ಸೂಜಿಯ ಕಂಪನಿ ಕೊಟ್ಟ ಪಟ್ಟಿ. ಇಷ್ಟು ವ್ಯಾಟ್, ಇಷ್ಟು ನಿಮಿಷ, ಇಷ್ಟು ಸೆಂಟಿಮೀಟರ್ ಸುಡುತ್ತೆ. ಆ ಪಟ್ಟಿಗಳು ಬಹುಪಾಲು ತಯಾರಾಗಿದ್ದು ಕಸಾಯಿಖಾನೆಯಿಂದ ತಂದ ದನದ, ಹಂದಿಯ ಲಿವರ್ ಮೇಲೆ, ರಕ್ತ ಹರಿಯದ ಸತ್ತ ಮಾಂಸದ ಮೇಲೆ. ಜೀವಂತ ಮನುಷ್ಯನಲ್ಲಿ ಸುಡೋದು ಅದಕ್ಕಿಂತ ಕಡಿಮೆ, ಆಕಾರವೂ ಗುಂಡಗಿರಲ್ಲ. ನನ್ನ ಕೇಳಿದ್ರೆ ಕಂಪ್ಯೂಟರ್ ಈ ಕಥೆಗೆ ಬಂದಿದ್ದು ಈ ಒಂದೇ ಕಾರಣಕ್ಕೆ, ಸತ್ತ ಲಿವರಿನ ಪಟ್ಟಿ ಬದುಕಿದ ಲಿವರಿಗೆ ಹೊಂದದ್ದಕ್ಕೆ.

ಬಂದ ದಾರಿಯೂ ಮಜವಾಗಿದೆ. ದೊಡ್ಡ ವಸ್ತುವನ್ನ ಸಾವಿರಾರು ಸಣ್ಣ ಚೂರುಗಳಾಗಿ ಒಡೆದು, ಒಂದೊಂದು ಚೂರಿಗೂ ಲೆಕ್ಕ ಮಾಡಿ ಜೋಡಿಸುವ ಪದ್ಧತಿಗೆ ಫೈನೈಟ್ ಎಲಿಮೆಂಟ್ ಅಂತ ಹೆಸರು. 1956ರಲ್ಲಿ ಟರ್ನರ್, ಕ್ಲಫ್ ಮತ್ತಿತರರು ಅದನ್ನ ರೂಪಿಸಿದ್ದು ವಿಮಾನದ ರೆಕ್ಕೆಗಾಗಿ. ಮೆಕ್ಯಾನಿಕಲ್ ಓದಿದವರು ನಿದ್ದೆಗೆಟ್ಟು ಮೆಶ್ ಮಾಡಿದ ನೆನಪು ಮಾಡ್ಕೊಳ್ಳಿ. ಅದೇ ಪದ್ಧತಿಯಿಂದ 2002ರಲ್ಲಿ ಸುಪನ್ ತುಂಗ್‌ಜಿತ್ಕುಸೋಲ್ಮುನ್ ಮತ್ತು ಅಮೆರಿಕದ ವಿಸ್ಕಾನ್ಸಿನ್‌ನ ಸಂಗಡಿಗರು ಲಿವರ್ ಗಡ್ಡೆಯ ಸುಡುವಿಕೆಯ ಮೂರು ಆಯಾಮದ ಲೆಕ್ಕ ಪ್ರಕಟಿಸಿದರು, ಪಕ್ಕದ ರಕ್ತನಾಳವನ್ನೂ ಸೇರಿಸಿ. 2008ರಲ್ಲಿ ಯುರೋಪ್ ಒಕ್ಕೂಟದ ಹಣದಿಂದ ಶುರುವಾದ ಇಂಪ್ಯಾಕ್ಟ್ ಯೋಜನೆ ಇನ್ನೂ ಮುಂದೆ ಹೋಗಿ, ಒಬ್ಬೊಬ್ಬ ರೋಗಿಯ ಸಿ.ಟಿ. ಸ್ಕ್ಯಾನ್‌ನಿಂದಲೇ ಅವರವರ ಲಿವರಿನ ಮಾಡೆಲ್ ಕಟ್ಟಲು ನೋಡಿತು. ಸ್ಕ್ಯಾನ್‌ನಲ್ಲಿ ಲಿವರ್ ಯಾವುದು, ಗಡ್ಡೆ ಯಾವುದು, ನಾಳ ಯಾವುದು ಅಂತ ಗೆರೆ ಎಳೆಯೋದು, ಚೂರು ಮಾಡೋದು, ಪೆನ್ನೆಸ್‌ನ ಜಮಾ-ಖರ್ಚು ಓಡಿಸೋದು, ಹೆನ್ರಿಕ್ಸ್‌ನ ಲೆಕ್ಕದಿಂದ ಸತ್ತ ಕೋಶಗಳ ಗಡಿ ಬರೆಯೋದು. ಗಡ್ಡೆಯ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್ ಹೆಚ್ಚುವರಿಯಾಗಿ ಸುಟ್ಟಿದ್ದರೆ ಪಾಸು, ಇಲ್ಲಾಂದ್ರೆ ಪರದೆಯ ಮೇಲೆ ಸೂಜಿ ಸರಿಸಿ ಮತ್ತೆ ಓಡಿಸು.

ಪೆನ್ನೆಸ್‌ನ ಒರಟು ರಕ್ತದ ಲೆಕ್ಕಕ್ಕೆ ಇನ್ನೊಂದು ಪರ್ಯಾಯ ಇದೆ. ಲಿವರನ್ನ ಒಂದು ಸ್ಪಂಜು ಅಂದುಕೊಳ್ಳೋದು, ಅದರ ಸೂಕ್ಷ್ಮ ರಂಧ್ರಗಳಲ್ಲಿ ರಕ್ತ ಇಂಗಿ ಹರಿಯುತ್ತೆ ಅಂತ ಲೆಕ್ಕ ಹಾಕೋದು. ಮರಳಿನಲ್ಲಿ ನೀರು ಹೇಗೆ ಇಳಿಯುತ್ತೆ ಅನ್ನೋ ನಿಯಮವನ್ನ ಫ್ರಾನ್ಸಿನ ದಿಜೋನ್ ಊರಿಗೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ಬರೆದಿದ್ದ. 2003ರಲ್ಲಿ ಖಾಲೆದ್ ಮತ್ತು ವಫಾಯಿ, ಜೀವಂತ ಅಂಗಾಂಶಕ್ಕೂ ಈ ಗಣಿತ ಹೇಗೆ ಒಗ್ಗುತ್ತೆ ಅಂತ ವಿವರವಾಗಿ ತೋರಿಸಿದರು.

ಈ ಸ್ಪಂಜಿನ ಗಣಿತ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಎನ್. ರುದ್ರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ದ್ರವಚಲನೆಯ ಸಂಶೋಧನಾ ಕೇಂದ್ರವನ್ನೇ ಬೆಳೆಸಿದವರು. ರಂಧ್ರಗಳಿರುವ ವಸ್ತುವಿನಲ್ಲಿ ಬಿಸಿ ಮತ್ತು ದ್ರವ ಒಟ್ಟಿಗೆ ಹೇಗೆ ಚಲಿಸುತ್ತೆ ಅನ್ನೋದು ಅವರ ಮುಖ್ಯ ವಿಷಯಗಳಲ್ಲೊಂದು. ಮುಂದೆ ಅವರು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. 1980ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಎಂ. ಸುಭಾಷ್ ಅಬೆಲ್ ಮತ್ತು ಅವರ ವಿದ್ಯಾರ್ಥಿಗಳು ಹಿಗ್ಗುವ ಹಾಳೆಯ ಮೇಲೆ ಅಂಟು ದ್ರವ ಹರಿಯುವಾಗ ಬಿಸಿ ಹೇಗೆ ದಾಟುತ್ತೆ ಅನ್ನೋದರ ಮೇಲೆ ಬರೆದ ಪ್ರಬಂಧಗಳನ್ನ ಹೊರದೇಶದವರೂ ಉಲ್ಲೇಖಿಸ್ತಾರೆ. ಅದೇ ಕ್ಯಾಂಪಸ್ಸಿನ ಕಂಪ್ಯೂಟರ್ ವಿಭಾಗದಲ್ಲಿ ಪಿ.ಎಸ್. ಹಿರೇಮಠ್ ಮತ್ತು ಸಂಗಡಿಗರು ಅಂಡಾಶಯದ ಅಲ್ಟ್ರಾಸೌಂಡ್ ಚಿತ್ರದಲ್ಲಿ ಫಾಲಿಕಲ್‌ಗಳನ್ನ ಕಂಪ್ಯೂಟರೇ ಗುರುತಿಸುವ ವಿಧಾನಗಳ ಮೇಲೆ ಕೆಲಸ ಮಾಡಿದರು.

ಅವರ್ಯಾರೂ ಲಿವರ್ ಗಡ್ಡೆ ಸುಡುವ ಲೆಕ್ಕ ಮಾಡಿದರು ಅಂತ ನಾನು ಹೇಳ್ತಾ ಇಲ್ಲ. ಹಿಗ್ಗುವ ಹಾಳೆ ಪ್ಲಾಸ್ಟಿಕ್ ಕಾರ್ಖಾನೆಯ ಪ್ರಶ್ನೆ. ಆದರೆ ಗಡ್ಡೆಗೆ ಗೆರೆ ಎಳೆಯೋಕೆ ಬೇಕಾದ ಚಿತ್ರವಿದ್ಯೆ, ಬಿಸಿಯ ಜಮಾ-ಖರ್ಚಿನ ಗಣಿತ ಎರಡೂ ಒಂದೇ ಆವರಣದಲ್ಲಿದ್ದವು. ಊರಿನಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು 1958ರಿಂದ, ಮೆಡಿಕಲ್ ಕಾಲೇಜು 1963ರಿಂದ ಇವೆ. ಕಿದ್ವಾಯಿ ಆಸ್ಪತ್ರೆಯ ಶಾಖೆಯೂ ಇದೆ. ಹೀಗಿದ್ದೂ ನಮ್ಮಲ್ಲಿ ಗಣಿತದವರ ಪ್ರಬಂಧ ಗಣಿತದವರಿಗೆ, ವೈದ್ಯರ ಕಾನ್ಫರೆನ್ಸ್ ವೈದ್ಯರಿಗೆ. ಚಹಾ ಅಂಗಡಿ ಕೂಡ ಬೇರೆ ಬೇರೆ. ಗ್ರಾಜ್ ಆಗಲಿ ವಿಸ್ಕಾನ್ಸಿನ್ ಆಗಲಿ ಮುಂದೆ ಹೋಗಿದ್ದು ಅಲ್ಲಿನ ಗಣಿತ ನಮ್ಮದಕ್ಕಿಂತ ಮೇಲಿತ್ತು ಅಂತಲ್ಲ, ಎಂಜಿನಿಯರ್ ಮತ್ತು ರೇಡಿಯಾಲಜಿಸ್ಟ್ ಒಂದೇ ಮೇಜಿಗೆ ಕೂತರು ಅಂತ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಥರ ಕೂತದ್ದರ ಉದಾಹರಣೆ ಇದೆ. 2023ರಲ್ಲಿ ಅಲ್ಲಿನ ಅಶೋಕ್ ಎಂ. ರಾಯಚೂರು ಮತ್ತು ಜಯಪ್ರಕಾಶ್ ಅವರ ತಂಡಗಳು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿದ ಅತಿಸೂಕ್ಷ್ಮ ಕಣಗಳನ್ನ ತಯಾರಿಸಿದ್ದನ್ನ ಪ್ರಕಟಿಸಿದವು. ಬೆಳಕು ಬಿದ್ದರೆ ಆ ಕಣಗಳು ಬಿಸಿಯಾಗಿ ಕ್ಯಾನ್ಸರ್ ಕೋಶವನ್ನ ಕೊಲ್ಲಬಲ್ಲವು. ಅದಿನ್ನೂ ಪ್ರಯೋಗಾಲಯದ ಹಂತ. ಒಬ್ಬರು ವಸ್ತುವಿಜ್ಞಾನದವರು, ಇನ್ನೊಬ್ಬರು ಉಪಕರಣಗಳ ಭೌತಶಾಸ್ತ್ರದವರು ಅನ್ನೋದನ್ನ ಗಮನಿಸಿ. ಬಿಸಿಯ ಮೂಲ ಸೂಜಿಯಿಂದ ಕಣಕ್ಕೆ ಬದಲಾದರೂ, ಜೀವಂತ ದೇಹಕ್ಕೆ ಹೋದ ದಿನ ಪೆನ್ನೆಸ್‌ನ ನಾಲ್ಕನೇ ಖಾತೆ ಅಲ್ಲೂ ತೆರೆಯಲೇಬೇಕು.

ಆ ಖಾತೆಯ ಅಂಕಿ ಯಾರದು ಅನ್ನೋದೇ ಈಗಿನ ತಕರಾರು. ರಕ್ತದ ಹರಿವು ಮನುಷ್ಯನಿಂದ ಮನುಷ್ಯನಿಗೆ ಬೇರೆ. ಸಿರೋಸಿಸ್ ಆದ ಲಿವರಿನಲ್ಲಿ ಗಡ್ಡೆಯ ಸುತ್ತ ನಾರು ಕಟ್ಟಿ ಬಿಸಿ ಒಳಗೇ ಉಳಿಯುತ್ತೆ, ಓವನ್ನಿನ ಹಾಗೆ. ಕೊಬ್ಬು ತುಂಬಿದ ಲಿವರಿನಲ್ಲಿ ಬಿಸಿ ನಿಧಾನ ನಡೆಯುತ್ತೆ. (ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಅಂತ ನೋಡಿ ಮಡಚಿಟ್ಟವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಅದನ್ನ ಒಂದ್ಸಲ ಬಿಚ್ಚಿ ಡಾಕ್ಟರಿಗೆ ತೋರಿಸಿ.) ಪುಸ್ತಕದ ಸರಾಸರಿ ಅಂಕಿ ಹಾಕಿದರೆ ಕಂಪ್ಯೂಟರ್ ಚಂದದ ಬಣ್ಣದ ಚಿತ್ರ ಕೊಡುತ್ತೆ, ಆದರೆ ಅದು ಯಾರದೋ ಲಿವರಿನ ಚಿತ್ರ.

ಮಾಡೆಲ್ ಹೇಳಿದ್ದು ನಿಜವೋ ಅಂತ ತಿಳಿಯೋಕೆ ಮುಖ್ಯವಾಗಿ ಒಂದೇ ಪರೀಕ್ಷೆ. ಸುಟ್ಟು ಸುಮಾರು ಒಂದು ತಿಂಗಳಾದ ಮೇಲೆ ಮತ್ತೊಂದು ಸ್ಕ್ಯಾನ್ ತೆಗೆದು, ಕಂಪ್ಯೂಟರ್ ಬರೆದ ಗಡಿಯನ್ನೂ ನಿಜವಾಗಿ ಸತ್ತ ಜಾಗವನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ತಪ್ಪಿದಲ್ಲಿ ಅಂಕಿ ತಿದ್ದಬೇಕು. ನಮ್ಮ ಜನರ ಲಿವರಿಗೆ ಹೊಂದುವ ಲೆಕ್ಕ ಬೇಕು ಅಂದ್ರೆ ನಮ್ಮ ಜನರ ಎರಡನೇ ಸ್ಕ್ಯಾನ್ ಬೇಕು. ಕಲಬುರಗಿ ಕಡೆಯವರು ದೊಡ್ಡ ಚಿಕಿತ್ಸೆಗೆ ಸೊಲ್ಲಾಪುರಕ್ಕೆ ಹೋಗ್ತಾರೆ, ಸುಮಾರು 110 ಕಿಲೋಮೀಟರ್. ಹೈದರಾಬಾದಿಗೆ ಹೋಗ್ತಾರೆ, 220. ಬೆಂಗಳೂರಿಗೆ ರೈಲಿನಲ್ಲಿ ಇಡೀ ರಾತ್ರಿ. ಮೊದಲ ಸಲ ಸಾಲ ಮಾಡಿಯಾದರೂ ಹೋಗ್ತಾರೆ. ಆರಾಮಾದ ಮೇಲೆ ಎರಡನೇ ಸಲ ಬರೀ ಸ್ಕ್ಯಾನಿಗೆ ಅಂತ ಹೋಗಬೇಕಾದ ದಿನ ತೊಗರಿ ರಾಶಿಯ ಹೊತ್ತಿಗೆ ಬಂದರೆ, ಮಷೀನು ಹೊಲಕ್ಕೆ ಬಂದು ನಿಂತಿರುತ್ತೆ, ಆಳು ಸಿಗೋದೇ ಕಷ್ಟ ಇರುತ್ತೆ. "ಮುಂದಿನ ತಿಂಗಳ ನೋಡೂಣು ತಗೋ" ಅಂತಾರೆ.